ಕುಣಿಗಲ್ ಕೆರೆಯನ್ನು ನಾಡಿಗೆಲ್ಲ ತೋರಿಸಿದ ಕರಾವಳಿಯ ಕಂಠ

ಶಿವಗಂಗೆ ಬೆಟ್ಟದಿಂದ ನೈರುತ್ಯಕ್ಕೆ ಹೊರಟು ಜಿಲ್ಲೆಯ ಗಡಿ ದಾಟಿದರೆ ಕುಣಿಗಲ್ ಸೀಮೆ. ಅಲ್ಲಿಯ ದೊಡ್ಡ ಕೆರೆಯನ್ನು ಕಣ್ಣಾರೆ ನೋಡದವರಿಗೂ ಅದರ ಹಾಡು ಗೊತ್ತು. ‘ಮೂಡಲ್ ಕುಣಿಗಲ್ ಕೆರೆ’ ಎಂದು ಯಾರಾದರೂ ಶುರು ಮಾಡಿದರೆ ಸಾಕು, ಪಕ್ಕದಲ್ಲಿದ್ದವರು ಮುಂದಿನ ಸಾಲು ಎತ್ತಿಕೊಳ್ಳುತ್ತಾರೆ. ಹಾಡು ಕಟ್ಟಿದವರ ಹೆಸರು ಎಲ್ಲೂ ಇಲ್ಲ, ಅದು ಜನಪದರದು. ಆದರೆ ಒಂದು ಸೀಮೆಯ ಕೆರೆಯ ಹಾಡು ನಾಡಿನ ಮನೆಮನೆಗೆ ಮುಟ್ಟಿದ್ದು ಹೇಗೆ ಎಂದು ಕೇಳಿದರೆ ಮೊದಲು ನೆನಪಾಗುವ ಹೆಸರು ಪಿ. ಕಾಳಿಂಗರಾಯರದು.

ತಮಾಷೆಯೆಂದರೆ ಕಾಳಿಂಗರಾಯರು ಕುಣಿಗಲ್ ಕಡೆಯವರೇ ಅಲ್ಲ. ಅವರು ಹುಟ್ಟಿದ್ದು 1914ರ ಆಗಸ್ಟ್ 31ರಂದು, ಈಗಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ. ಅದು ಯಕ್ಷಗಾನದ ನಾಡು. ಅಲ್ಲಿಯ ಕನ್ನಡವೇ ಬೇರೆ, ಮಳೆ ಬೇರೆ, ಬೆಳೆ ಬೇರೆ. ರಾಗಿ ಹೊಲ, ಕೆರೆ ಏರಿ, ಬಯಲು ಸೀಮೆಯ ಮಾತು ಯಾವುದೂ ಅವರಿಗೆ ಹುಟ್ಟಿನಿಂದ ಬಂದಿದ್ದಲ್ಲ.

ಚಿಕ್ಕ ವಯಸ್ಸಿನಲ್ಲೇ ಅವರು ನಾಟಕ ಕಂಪನಿ ಸೇರಿದರು. ಆಗ ನಾಟಕದವರಿಗೆ ಮೈಕು ಇರಲಿಲ್ಲ. ಹಾಡುವ ಹುಡುಗನ ದನಿ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕೇಳಬೇಕಿತ್ತು, ಒಂದೊಂದು ಅಕ್ಷರವೂ ತಿಳಿಯಬೇಕಿತ್ತು. ಮುಂದೆ ಕಾಳಿಂಗರಾಯರ ಗಾಯನದಲ್ಲಿ ಮಾತು ಮಸುಕಾಗದೆ ಇದ್ದುದಕ್ಕೆ ಈ ಪಾಠಶಾಲೆಯೂ ಒಂದು ಕಾರಣವಿರಬೇಕು. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎರಡನ್ನೂ ಅವರು ಅಭ್ಯಾಸ ಮಾಡಿದರು. ಮದ್ರಾಸಿನಲ್ಲಿ ಕೆಲಸ ಮಾಡಿದರು, ಸಿನಿಮಾಕ್ಕೆ ಬಂದರು. 1947ರ ‘ಕೃಷ್ಣಲೀಲಾ’, 1959ರ ‘ಅಬ್ಬಾ ಆ ಹುಡುಗಿ’ ಚಿತ್ರಗಳಿಗೆ ಸಂಗೀತ ಕೊಟ್ಟರು. 1964ರ ‘ತುಂಬಿದ ಕೊಡ’ದಲ್ಲಿ ಅವರು ಹಾಡಿದ ‘ಅಂತಿಂಥ ಹೆಣ್ಣು ನೀನಲ್ಲ’ ಇವತ್ತಿಗೂ ಹಳೆಯ ಹಾಡುಗಳ ಕಾರ್ಯಕ್ರಮದಲ್ಲಿ ಕೇಳಿಬರುತ್ತದೆ.

ಇಷ್ಟು ವಿದ್ಯೆ ಇದ್ದವರು ಕಛೇರಿ ಮಾಡಿಕೊಂಡು, ಸಿನಿಮಾ ಮಾಡಿಕೊಂಡು ಇರಬಹುದಿತ್ತು. ಅವರು ಇನ್ನೊಂದು ದಾರಿಯನ್ನೂ ಹಿಡಿದರು. ಆಗ ಕಛೇರಿ ಎಂದರೆ ಕೀರ್ತನೆ, ದೇವರನಾಮ. ಹೊಸ ಕವಿಗಳ ಪದ್ಯ ಪುಸ್ತಕದಲ್ಲಿತ್ತು. ಹಳ್ಳಿಯ ಪದ ಹಳ್ಳಿಯಲ್ಲಿತ್ತು. ಕಾಳಿಂಗರಾಯರು ಕುವೆಂಪು, ಬೇಂದ್ರೆಯವರ ಕವಿತೆಗಳಿಗೆ ದನಿ ಕೊಟ್ಟರು. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಹಾಡಿದರು. ಹೆಂಡಗುಡುಕ ರತ್ನನ ಮಾತು ಪಂಡಿತರ ಕನ್ನಡವಲ್ಲ, ಬೀದಿಯ ಕನ್ನಡ. ಆ ಕನ್ನಡವನ್ನು ಅವರು ತಿದ್ದಲಿಲ್ಲ, ಹಾಗೆಯೇ ಹಾಡಿದರು. ಅದೇ ವೇದಿಕೆಯಲ್ಲಿ ‘ಮೂಡಲ್ ಕುಣಿಗಲ್ ಕೆರೆ’, ‘ಬಾರಯ್ಯ ಬೆಳದಿಂಗಳೆ’ಯಂಥ ಜನಪದ ಗೀತೆಗಳನ್ನೂ ತಂದು ನಿಲ್ಲಿಸಿದರು. ಜೊತೆಗೆ ಸೋಹನ್‌ಕುಮಾರಿ, ಮೋಹನ್‌ಕುಮಾರಿ ಸಹೋದರಿಯರ ದನಿ ಇರುತ್ತಿತ್ತು. ಇಂದು ಸುಗಮ ಸಂಗೀತ ಎಂದು ನಾವು ಕರೆಯುವ ಪ್ರಕಾರಕ್ಕೆ ತಳಪಾಯ ಹಾಕಿದವರಲ್ಲಿ ಅವರು ಮೊದಲಿಗರು.

ಹಳ್ಳಿಯ ಹಾಡನ್ನು ವೇದಿಕೆಗೆ ತರುವುದರಲ್ಲಿ ಎರಡು ಅಪಾಯಗಳಿವೆ. ಒಂದು, ನಗಿಸುವುದಕ್ಕೆಂದು ಹಾಡುವುದು. ಗೌಡರ ಪೇಟ ಸುತ್ತಿಕೊಂಡು ಎಳೆದೆಳೆದು ಮಾತಾಡಿದರೆ ಜನ ನಗುತ್ತಾರೆ, ಹಾಡು ಸಾಯುತ್ತದೆ. ಇನ್ನೊಂದು, ರಾಗ ಗೊತ್ತಿದೆ ಎಂದು ಹಾಡಿನ ಮೇಲೆ ಆಲಾಪನೆಯ ಹೊರೆ ಹೊರಿಸುವುದು. ಕಾಳಿಂಗರಾಯರ ಹಾಡು ಕೇಳಿ ನೋಡಿ. ದೊಡ್ಡ, ತುಂಬು ದನಿ. ಆದರೆ ವಿದ್ಯೆ ಹಾಡಿನ ಮುಂದೆ ಬಂದು ನಿಲ್ಲುವುದಿಲ್ಲ. ಕೆರೆಯ ಸೊಬಗನ್ನು ಹೇಳುವಾಗ ಆ ದನಿಯಲ್ಲಿರುವುದು ನಿಜವಾದ ಬೆರಗು. ಪರ ಊರಿನವರಾಗಿ ಅವರು ಈ ಹಾಡನ್ನು ಮೆಚ್ಚಿಕೊಂಡ ಬಗೆ ಅದರಲ್ಲೇ ತಿಳಿಯುತ್ತದೆ.

ಹಾಗೆಂದು ಈ ಕೆಲಸದಲ್ಲಿ ಏನೂ ಕಳೆದುಹೋಗಲಿಲ್ಲ ಎನ್ನಲಾಗದು. ಆ ಕಾಲದ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಹಾಡು. ಹಳ್ಳಿಯ ಪದಕ್ಕೆ ಅಂಥ ಲೆಕ್ಕವಿಲ್ಲ. ರಾಗಿ ಮುಗಿಯುವ ತನಕ ಬೀಸುವ ಪದ, ಗದ್ದೆ ಮುಗಿಯುವ ತನಕ ನಾಟಿ ಪದ, ಶಾಸ್ತ್ರ ಮುಗಿಯುವ ತನಕ ಸೋಬಾನೆ. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಾರೆ. ತಟ್ಟೆಗೆ ಹೋಗುವಾಗ ಇಂಥ ಹಾಡು ಮೊಟಕಾಗಲೇಬೇಕು. ಅದರ ಜೊತೆಗಿದ್ದ ಕೆಲಸವೂ ಕಳಚಿಕೊಳ್ಳುತ್ತದೆ, ಬೀಸುವ ಕಲ್ಲಿನ ಸದ್ದಿದ್ದ ಜಾಗಕ್ಕೆ ವಾದ್ಯಗಳು ಬರುತ್ತವೆ.

ನಮ್ಮಜ್ಜಿಗೆ ಒಮ್ಮೆ ಮೊಬೈಲಿನಲ್ಲಿ ಕಾಳಿಂಗರಾಯರ ‘ಮೂಡಲ್ ಕುಣಿಗಲ್ ಕೆರೆ’ ಹಾಕಿ ಕೇಳಿಸಿದೆ. ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ ಪೂರ್ತಿ ಕೇಳಿದರು. ಕಂಠ ಚೆನ್ನಾಗಿದೆ ಎಂದರು. ಆಮೇಲೆ, ಇಷ್ಟು ಬೇಗ ಮುಗಿಸಿಬಿಟ್ಟರಲ್ಲ ಎಂದು ಆಕ್ಷೇಪಿಸಿದರು. ಹಾಡಿನಲ್ಲಿ ಕುಣಿಗಲ್ ಮೂಡಲಾಗಿದ್ದರೂ ನಮಗೆ ಅದು ಪಡುವಲ ದಿಕ್ಕು ಎಂದು ನಕ್ಕರು. ಅವರೆಕಾಯಿ ಮುಗಿಯುವವರೆಗೂ ತಮಗೆ ಬರುವ ಬೇರೆ ಬೇರೆ ಪದಗಳನ್ನು ಹೇಳುತ್ತಲೇ ಹೋದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ನಾನು ಅದಕ್ಕೆ ಮೊದಲು ಕೇಳಿರಲೇ ಇಲ್ಲ. ಅಜ್ಜಿಯ ಪದಗಳು ನನ್ನ ಕಿವಿಗೆ ಬಿದ್ದಿದ್ದು ಕಾಳಿಂಗರಾಯರ ತಟ್ಟೆಯ ದೆಸೆಯಿಂದ. ಹಾಗಾಗಿ ತಟ್ಟೆಯ ಹಾಡು ಹಳ್ಳಿ ಹಾಡನ್ನು ಕೆಡಿಸಿತು ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅದು ಹಾಡಿನ ಬದಲಿಗೆ ಬಂದದ್ದಲ್ಲ, ಹಾಡಿನ ಮನೆಗೆ ದಾರಿ ತೋರಿಸಿದ್ದು.

ಇಂಥದ್ದು ಬೇರೆ ಕಡೆಯೂ ನಡೆದಿದೆ. ನಮ್ಮ ಕಾಲೇಜು ಹುಡುಗರು ಇಯರ್‌ಫೋನಿನಲ್ಲಿ ಕೇಳುವ ಅಮೆರಿಕದ ಕಂಟ್ರಿ ಮ್ಯೂಸಿಕ್ ಕೂಡ ಮೂಲದಲ್ಲಿ ಗುಡ್ಡಗಾಡಿನ ಬಡವರ ಹಾಡೇ. 1927ರಲ್ಲಿ ರಾಲ್ಫ್ ಪಿಯರ್ ಎಂಬವರು ಬ್ರಿಸ್ಟಲ್ ಎಂಬ ಪಟ್ಟಣಕ್ಕೆ ಧ್ವನಿಮುದ್ರಣದ ಯಂತ್ರ ತಂದು ಜಿಮ್ಮಿ ರಾಡ್ಜರ್ಸ್ ಮತ್ತು ಕಾರ್ಟರ್ ಕುಟುಂಬದವರ ಹಾಡುಗಳನ್ನು ತಟ್ಟೆಗೆ ಹಾಕಿದರು. ಆ ಹಾಡುಗಳನ್ನು ಹಳ್ಳಿಗುಗ್ಗುಗಳ ಹಾಡೆಂದು ಹೀಗಳೆದವರೂ ಇದ್ದರು. ಇಂದು ಅದು ಜಗತ್ತಿನ ದೊಡ್ಡ ಸಂಗೀತ ಉದ್ಯಮಗಳಲ್ಲಿ ಒಂದು.

ನಮ್ಮ ಕಡೆ ಈಗ ಮದುವೆಯ ಹಿಂದಿನ ರಾತ್ರಿ ಡಿಜೆ ಬರುತ್ತದೆ. ಸೋಬಾನೆ ಹೇಳುವ ಅಜ್ಜಿಯರನ್ನು ಫೋಟೊಗೆ ಕರೆಯುತ್ತೇವೆ, ಹಾಡಿಗೆ ಕರೆಯುವುದು ಕಡಿಮೆ. ಬೆಳಿಗ್ಗೆ ದಾಬಸ್‌ಪೇಟೆಯ ಫ್ಯಾಕ್ಟರಿಗೋ ಬೆಂಗಳೂರಿನ ಇಂಟರ್‌ವ್ಯೂಗೋ ಬಸ್ಸು ಹತ್ತುವಾಗ ಹಳ್ಳಿಯ ಮಾತನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಹೋಗಬೇಕು ಎಂದುಕೊಂಡವರು ನಮ್ಮಲ್ಲಿ ಬಹಳ. ಬಯೋಡೇಟಾದಲ್ಲಿ ಹವ್ಯಾಸ ಸಂಗೀತ ಎಂದು ಬರೆಯುತ್ತೇವೆ. ಯಾವ ಸಂಗೀತ ಎಂದು ಕೇಳಿದರೆ ನಮ್ಮ ಊರಿನದ್ದನ್ನು ಬಿಟ್ಟು ಉಳಿದೆಲ್ಲ ಹೇಳುತ್ತೇವೆ. ಕಾಳಿಂಗರಾಯರು ಎರಡೆರಡು ಶಾಸ್ತ್ರೀಯ ಪದ್ಧತಿ ಕಲಿತ ಮೇಲೂ ಈ ಹಾಡುಗಳನ್ನು ಕೀಳೆಂದು ಎಣಿಸಲಿಲ್ಲ ಎಂಬುದು ಆಗ ನೆನಪಾಗಬೇಕು.

1981ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರಿಗೆ ಸಿಕ್ಕಿದ್ದು 3 ನಿಮಿಷದ ತಟ್ಟೆ. ನಮ್ಮ ಜೇಬಿನಲ್ಲಿರುವ ಫೋನು ಗಂಟೆಗಟ್ಟಲೆ ಹಾಡು ಹಿಡಿಯುತ್ತದೆ, ಮೊಟಕು ಮಾಡಬೇಕಿಲ್ಲ. ಸಂಕ್ರಾಂತಿಗೆ ಶಿವಗಂಗೆಯಲ್ಲಿ ಜಾತ್ರೆ, ಊರಿಗೆ ನೆಂಟರೆಲ್ಲ ಬರುವ ಕಾಲ. ಹಿರಿಯರ ಹತ್ತಿರ ಒಂದು ಗಂಟೆ ಕೂತು, ಒಪ್ಪಿಗೆ ಕೇಳಿ, ಅವರ ಪದಗಳನ್ನು ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ಹೇಳಿದವರ ಹೆಸರು, ಊರು, ಯಾವ ಕೆಲಸಕ್ಕೆ ಹೇಳುವ ಪದ ಎಂಬುದನ್ನೂ ಬರೆದಿಡಿ. ಕುಣಿಗಲ್ ಕೆರೆಯ ಹಾಡು ಕಟ್ಟಿದವರ ಹೆಸರು ನಮಗೆ ಸಿಗಲಿಲ್ಲ. ನಮ್ಮ ಅಜ್ಜಿಯರ ಹೆಸರಾದರೂ ಉಳಿಯಲಿ.