ಕೈ ಸುಟ್ಟುಕೊಂಡು ಕಲಿತ ಹೂಡಿಕೆದಾರ ಕೇನ್ಸ್

ಜಾನ್ ಮೇನಾರ್ಡ್ ಕೇನ್ಸ್ ಹೆಸರು ಕೇಳಿದೊಡನೆ ನೆನಪಾಗುವುದು 1936ರಲ್ಲಿ ಹೊರಬಂದ ‘ಜನರಲ್ ಥಿಯರಿ’. ಆದರೆ ಈ ಅರ್ಥಶಾಸ್ತ್ರಜ್ಞ ತನ್ನ ಹಣವನ್ನು ಪರರ ಕೈಗೆ ಕೊಡದೆ, ಷೇರುಗಳನ್ನು ತಾನೇ ಆರಿಸಿ ಕೂಡಿಸಿದ ಹೂಡಿಕೆದಾರನೂ ಹೌದು. ಆ ದಾರಿ ಸುಗಮವಾಗಿರಲಿಲ್ಲ.

1883ರಲ್ಲಿ ಕೇಂಬ್ರಿಜ್‌ನಲ್ಲಿ ಜನಿಸಿದ ಕೇನ್ಸ್, 1906ರಿಂದ ಎರಡು ವರ್ಷ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ದುಡಿದರು. 1913ರಲ್ಲಿ ಪ್ರಕಟವಾದ ಅವರ ಮೊದಲ ಗ್ರಂಥದ ವಸ್ತುವೇ ಭಾರತದ ನಾಣ್ಯವ್ಯವಸ್ಥೆ.

ಮೊದಲ ಮಹಾಯುದ್ಧದ ನಂತರ ಅವರು ವಿದೇಶಿ ಕರೆನ್ಸಿಗಳ ಸಟ್ಟಾ ವ್ಯವಹಾರಕ್ಕಿಳಿದರು. ಯುರೋಪಿನ ಹಣ ಕುಸಿಯುತ್ತದೆ, ಡಾಲರ್ ಏರುತ್ತದೆ ಎಂಬುದು ಅವರ ಎಣಿಕೆ. ದೀರ್ಘಾವಧಿಯಲ್ಲಿ ಅದು ಸರಿಯೇ ಆಗಿತ್ತು. ಆದರೆ 1920ರಲ್ಲಿ ಪೇಟೆ ಕೆಲಕಾಲ ತಿರುಗಿ ನಿಂತಿತು. ಸಾಲದ ಮೇಲೆ ನಡೆಸಿದ ವ್ಯವಹಾರಕ್ಕೆ ಅಷ್ಟು ಸಾಕಾಯಿತು. ಕೈಯಲ್ಲಿದ್ದುದೆಲ್ಲ ಕರಗಿತು, ನಂಬಿ ಹಣ ಕೊಟ್ಟ ಸ್ನೇಹಿತರದೂ ಹೋಯಿತು. ಧನಿಕ ಅರ್ನೆಸ್ಟ್ ಕ್ಯಾಸೆಲ್ ನೀಡಿದ 5 ಸಾವಿರ ಪೌಂಡ್ ಸಾಲದಿಂದ ಚೇತರಿಸಿಕೊಂಡ ಕೇನ್ಸ್, ಮುಂದೆ ಸ್ನೇಹಿತರ ಋಣವನ್ನೂ ತೀರಿಸಿದರು.

ಪಾಠ ಪೂರ್ತಿ ತಲೆಗೆ ಹತ್ತಿರಲಿಲ್ಲವೆನ್ನಬೇಕು. 1920ರ ದಶಕದುದ್ದಕ್ಕೂ ಆರ್ಥಿಕತೆಯ ಏರಿಳಿತವನ್ನು ಮೊದಲೇ ಊಹಿಸಿ ಕೊಳ್ಳುವ, ಮಾರುವ ಯತ್ನ ನಡೆಯಿತು. 1927ರ ಕೊನೆಯಲ್ಲಿ ಸುಮಾರು 44 ಸಾವಿರ ಪೌಂಡ್ ಇದ್ದ ಸ್ವಂತ ಸಂಪತ್ತು, 1929ರ ಅಂತ್ಯಕ್ಕೆ 8 ಸಾವಿರದ ಆಸುಪಾಸಿಗಿಳಿಯಿತು. ಜಗತ್ತಿನ ಅರ್ಥಶಾಸ್ತ್ರವನ್ನೇ ಬಲ್ಲವರಿಗೂ ಪೇಟೆಯ ಗಳಿಗೆ ತಿಳಿಯಲಿಲ್ಲ.

ಆನಂತರ ಅವರ ನಡೆ ಬದಲಾಯಿತು. ಪೇಟೆಯನ್ನು ಊಹಿಸುವುದನ್ನು ಬಿಟ್ಟು ಕಂಪನಿಗಳನ್ನು ಅರಿಯತೊಡಗಿದರು. ಅರಿಯದ ಹತ್ತಾರು ಉದ್ಯಮಗಳಲ್ಲಿ ಹಣ ಚೆಲ್ಲಿದರೆ ಅಪಾಯ ತಗ್ಗುತ್ತದೆಂಬ ವಾದವನ್ನು ಒಪ್ಪಲಿಲ್ಲ. ಆಸ್ಟಿನ್, ಲೇಲ್ಯಾಂಡ್ ವಾಹನ ಕಂಪನಿಗಳು, ದಕ್ಷಿಣ ಆಫ್ರಿಕದ ಚಿನ್ನದ ಗಣಿ ಸಂಸ್ಥೆ ಯೂನಿಯನ್ ಕಾರ್ಪೊರೇಷನ್ ಅವರ ಅಚ್ಚುಮೆಚ್ಚಿನ ಷೇರುಗಳಾದವು. ಚಿನ್ನದ ಷೇರು ಇರಿಸಿಕೊಂಡದ್ದಕ್ಕೂ ಕಾರಣವಿತ್ತು: ಉಳಿದವು ಬಿದ್ದಾಗ ಅದು ಏರಬಹುದೆಂಬ ಲೆಕ್ಕ.

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಹಣಕಾಸನ್ನು 1924ರಿಂದ ಪ್ರಧಾನ ಬರ್ಸರ್ ಆಗಿ ನೋಡಿಕೊಂಡವರೂ ಅವರೇ. ಜಮೀನು, ಸರ್ಕಾರಿ ಸಾಲಪತ್ರಗಳಿಗೆ ಅಂಟಿಕೊಂಡಿದ್ದ ಕಾಲೇಜನ್ನು ಅವರು ಷೇರುಗಳತ್ತ ತಿರುಗಿಸಿದರು. ಅವರ ಸ್ವಂತ ವಿವೇಚನೆಗೆ ಬಿಟ್ಟಿದ್ದ ‘ಚೆಸ್ಟ್’ ನಿಧಿ ಸುಮಾರು 30 ಸಾವಿರ ಪೌಂಡ್‌ನಿಂದ ಅವರ ಕೊನೆಗಾಲಕ್ಕೆ 3.8 ಲಕ್ಷ ಪೌಂಡ್‌ನಷ್ಟಾಯಿತು.

ನಿಜವಾದ ಪರೀಕ್ಷೆ ಎದುರಾದದ್ದು 1937-38ರಲ್ಲಿ. ಹೃದ್ರೋಗದಿಂದ ಹಾಸಿಗೆ ಹಿಡಿದಿದ್ದಾಗಲೇ ಪೇಟೆ ಕುಸಿಯಿತು. ಎರಡು ವರ್ಷಗಳಲ್ಲಿ ಅವರ ಸಂಪತ್ತಿನ ಸುಮಾರು ಮೂರರಲ್ಲಿ ಎರಡು ಪಾಲು ಕರಗಿತು. ಕುಸಿದ ಪೇಟೆಯಲ್ಲಿ ಗಾಬರಿಯಿಂದ ಮಾರುವುದನ್ನು ಅವರು ಒಪ್ಪಲಿಲ್ಲ. ತಾವು ಅಧ್ಯಕ್ಷರಾಗಿದ್ದ ನ್ಯಾಷನಲ್ ಮ್ಯೂಚುವಲ್ ವಿಮಾ ಕಂಪನಿಯ ಮಂಡಳಿಯೊಡನೆ ಭಿನ್ನಾಭಿಪ್ರಾಯ ಬೆಳೆದು, 1938ರಲ್ಲಿ ಆ ಸ್ಥಾನ ತ್ಯಜಿಸಿದರು. ಕಾಲೇಜಿಗೆ ಮಾತ್ರ ತಮ್ಮ ಕ್ರಮವನ್ನು ಟಿಪ್ಪಣಿಯಲ್ಲಿ ವಿವರಿಸಿದರು: ಕೆಲವೇ ಹೂಡಿಕೆಗಳನ್ನು ಎಚ್ಚರದಿಂದ ಆರಿಸುವುದು, ವರ್ಷಗಟ್ಟಲೆ ಹಿಡಿದಿರುವುದು, ಅಪಾಯಗಳು ಒಂದನ್ನೊಂದು ಸರಿದೂಗಿಸುವಂತೆ ನೋಡಿಕೊಳ್ಳುವುದು.

1946ರ ಏಪ್ರಿಲ್ 21ರಂದು ಕೇನ್ಸ್ ನಿಧನರಾದರು. ಷೇರುಗಳ ಜೊತೆಗೆ ಚಿತ್ರಕಲಾಕೃತಿಗಳನ್ನೂ, 1936ರ ಹರಾಜಿನ ಬಳಿಕ ಸಂಗ್ರಹಿಸಿದ ಐಸಾಕ್ ನ್ಯೂಟನ್‌ರ ಹಸ್ತಪ್ರತಿಗಳನ್ನೂ ಬಿಟ್ಟುಹೋದರು. 1720ರ ಸೌತ್ ಸೀ ಷೇರು ಗುಳ್ಳೆಯಲ್ಲಿ ಭಾರಿ ಹಣ ಕಳೆದುಕೊಂಡ ಆ ವಿಜ್ಞಾನಿಯ ಕಾಗದಗಳು ಈಗ ಕಿಂಗ್ಸ್ ಕಾಲೇಜಿನಲ್ಲಿವೆ.