ಒಂದೇ ದಿಕ್ಕಿಗೆ ಹರಿಯುವ ಕರೆಂಟು: ಫರ್ಡಿನಾಂಡ್ ಬ್ರೌನ್ ಅವರ ಜೀವನ

ಕಳೆದ ಆಷಾಢದಲ್ಲಿ ನಾವು ನಾಲ್ವರು ಗೆಳೆಯರು ವಿಜ್ಞಾನ ಪ್ರದರ್ಶನಕ್ಕೆಂದು ಒಂದು ಗಾಳಿಯಂತ್ರ ಮಾಡಿದೆವು. ಗುಜರಿ ಅಂಗಡಿಯಲ್ಲಿ ಸಿಕ್ಕ ಡಿಸಿ ಮೋಟಾರು, ಪಿವಿಸಿ ಪೈಪು ಸೀಳಿ ಮಾಡಿದ ಮೂರು ರೆಕ್ಕೆ, ಒಂದು ಹಳೆಯ 12 ವೋಲ್ಟ್ ಬ್ಯಾಟರಿ. ಇಷ್ಟೇ ಸಾಮಾನು. ಹುಕ್ಕೇರಿ ಕಡೆಯ ಗಾಳಿ ಗೊತ್ತಲ್ಲ, ರೆಕ್ಕೆ ಭರ್ರೆಂದು ತಿರುಗಿತು. ಸಂಜೆ ಗಾಳಿ ನಿಂತಿತು, ರೆಕ್ಕೆ ಮಾತ್ರ ನಿಲ್ಲಲಿಲ್ಲ! ನಾವು ಖುಷಿಯಿಂದ ಮನೆಗೆ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಬ್ಯಾಟರಿ ಪೂರ್ತಿ ಖಾಲಿ. ರಾತ್ರಿಯೆಲ್ಲ ಬ್ಯಾಟರಿಯೇ ಮೋಟಾರನ್ನು ಫ್ಯಾನಿನಂತೆ ತಿರುಗಿಸಿತ್ತು.

ಭೌತಶಾಸ್ತ್ರದ ಸರ್ ನೋಡಿ ನಕ್ಕರು. ಮೋಟಾರು ಮತ್ತು ಬ್ಯಾಟರಿಯ ನಡುವೆ ಒಂದು ಡಯೋಡ್ ಹಾಕಿಸಿದರು. ಬೆಳ್ಳಿಗೆರೆ ಇರುವ ತುದಿ ಬ್ಯಾಟರಿಯ ಪ್ಲಸ್ ಕಡೆಗೆ. ಅಂದಿನಿಂದ ಗಾಳಿ ನಿಂತರೆ ರೆಕ್ಕೆಯೂ ನಿಲ್ಲುತ್ತದೆ. ಕರೆಂಟು ಒಂದೇ ದಿಕ್ಕಿಗೆ ಹೋಗುವಂತೆ ಮಾಡುವ ಈ ಗುಣವನ್ನು ಮೊದಲು ಕಂಡವರು ಯಾರು ಎಂದು ಕೇಳಿದೆ. ಸರ್ ಹೇಳಿದ ಹೆಸರನ್ನು ಹಿಡಿದು ಗ್ರಂಥಾಲಯದಲ್ಲಿ ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಕಾರ್ಲ್ ಫರ್ಡಿನಾಂಡ್ ಬ್ರೌನ್ ಹುಟ್ಟಿದ್ದು 1850ರ ಜೂನ್ 6ರಂದು, ಜರ್ಮನಿಯ ಫುಲ್ಡಾ ಎಂಬ ಊರಿನಲ್ಲಿ. ಮಾರ್ಬರ್ಗ್ ಮತ್ತು ಬರ್ಲಿನ್‌ನಲ್ಲಿ ಓದಿದರು. 1872ರಲ್ಲಿ ಡಾಕ್ಟರೇಟ್ ಪಡೆದರು. ಅವರ ವಿಷಯ ತಂತಿಗಳ ಕಂಪನ. ಕೆಲಕಾಲ ಪ್ರಾಧ್ಯಾಪಕ ಕ್ವಿಂಕೆ ಅವರಿಗೆ ಸಹಾಯಕರಾಗಿದ್ದು, 1874ರಲ್ಲಿ ಲೈಪ್ಜಿಗ್ ನಗರದ ಸೇಂಟ್ ಥಾಮಸ್ ಶಾಲೆಗೆ ಮಾಸ್ತರರಾಗಿ ಸೇರಿದರು. ಆಗ ಅವರಿಗೆ 24 ವರ್ಷ. ನಮ್ಮಂಥ ಹುಡುಗರಿಗೆ ಪಾಠ ಹೇಳುತ್ತಿದ್ದ ಮಾಸ್ತರರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಅದೇ ವರ್ಷ ಅವರು ಒಂದು ಲೇಖನ ಪ್ರಕಟಿಸಿದರು. ಸೀಸದ ಅದಿರಾದ ಗೆಲೀನಾ, ಕಬ್ಬಿಣದ ಪೈರೈಟ್ ಮುಂತಾದ ಗಂಧಕ ಬೆರೆತ ಖನಿಜಗಳ ಹರಳುಗಳ ಮೂಲಕ ಅವರು ಕರೆಂಟು ಹಾಯಿಸಿ ನೋಡಿದ್ದರು. ತಾಮ್ರದ ತಂತಿಯಲ್ಲಿ ಆ ಕಡೆಯಿಂದ ಹಾಯಿಸಿದರೂ ಈ ಕಡೆಯಿಂದ ಹಾಯಿಸಿದರೂ ರೋಧ ಒಂದೇ. ಓಮ್ ನಿಯಮವನ್ನು ನಾವು ಬಾಯಿಪಾಠ ಮಾಡುವುದು ಹಾಗೆಯೇ. ಈ ಹರಳುಗಳು ಆ ನಿಯಮ ಪಾಲಿಸಲಿಲ್ಲ. ಹರಳಿನ ಒಂದು ಮಗ್ಗುಲಿಗೆ ಅಗಲವಾದ ಸಂಪರ್ಕ ಕೊಟ್ಟು, ಇನ್ನೊಂದು ಮಗ್ಗುಲಿಗೆ ಚೂಪಾದ ತಂತಿಯ ತುದಿ ಒತ್ತಿದಾಗ, ಒಂದು ದಿಕ್ಕಿಗೆ ಕರೆಂಟು ಸಲೀಸಾಗಿ ಹರಿಯಿತು, ತಿರುಗಿಸಿದರೆ ಕಡಿಮೆಯಾಯಿತು. ಕೆಲವು ಸಲ ರೋಧದಲ್ಲಿ ಶೇ. 30ರವರೆಗೆ ವ್ಯತ್ಯಾಸ. ನಮ್ಮ ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ ಶುರುವಾದದ್ದು 1887ರಲ್ಲಿ. ಅದಕ್ಕೂ 13 ವರ್ಷ ಮೊದಲಿನ ಮಾತು ಇದು. ಇಲೆಕ್ಟ್ರಾನ್ ಎಂಬ ಕಣವನ್ನೇ ಆಗ ಯಾರೂ ಕಂಡಿರಲಿಲ್ಲ.

ಬೇರೆಯವರು ಮಾಡಿ ನೋಡಿದರೆ ಫಲಿತಾಂಶ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಹರಳಿನ ಮೇಲೆ ಸರಿಯಾದ ಜಾಗ ಸಿಗಬೇಕು, ತುದಿಯ ಒತ್ತಡ ಹದವಾಗಿರಬೇಕು. ಹಾಗಾಗಿ ಅನುಮಾನಪಟ್ಟವರೇ ಹೆಚ್ಚು. ಕಾರಣ ವಿವರಿಸಲು ಬ್ರೌನ್ ಅವರಿಗೂ ಆಗಲಿಲ್ಲ. ಆದರೂ ಅವರು ಕಂಡದ್ದನ್ನು ಹಿಂದೆಗೆದುಕೊಳ್ಳಲಿಲ್ಲ, 1876ರಲ್ಲಿ ಲೈಪ್ಜಿಗ್‌ನಲ್ಲಿ ಎಲ್ಲರೆದುರು ಮಾಡಿ ತೋರಿಸಿದರು. ಉಪಯೋಗವೇನು ಎಂದು ಕೇಳಿದ್ದರೆ ಅಂದು ಉತ್ತರವಿರಲಿಲ್ಲ.

ಮುಂದೆ ಅವರು ಮಾರ್ಬರ್ಗ್, ಸ್ಟ್ರಾಸ್‌ಬರ್ಗ್, ಕಾರ್ಲ್ಸ್‌ರೂಹೆ, ಟ್ಯೂಬಿಂಗೆನ್ ಊರುಗಳಲ್ಲಿ ಪ್ರಾಧ್ಯಾಪಕರಾಗಿ, 1895ರಲ್ಲಿ ಮತ್ತೆ ಸ್ಟ್ರಾಸ್‌ಬರ್ಗ್‌ಗೆ ಬಂದರು. 1897ರಲ್ಲಿ ಕ್ಯಾಥೋಡ್ ಕಿರಣದ ಕೊಳವೆಯಿಂದ ಆಸಿಲೋಸ್ಕೋಪ್ ಮಾಡಿದರು. ನಮ್ಮ ಅಜ್ಜಿಯ ಮನೆಯ ಡಬ್ಬಾ ಟಿವಿಯೊಳಗಿನ ಗಾಜಿನ ಕೊಳವೆ ಅದರದೇ ಸಂತತಿ. ಬಳಿಕ ತಂತಿಯಿಲ್ಲದ ತಂತಿವಾರ್ತೆಯ ಕಡೆ ತಿರುಗಿದರು. ಕಿಡಿಯ ಮಂಡಲವನ್ನು ಆಂಟೆನಾದಿಂದ ಬೇರ್ಪಡಿಸಿ ಸುರುಳಿಗಳ ಮೂಲಕ ಜೋಡಿಸಿದ್ದು ಅವರ ದೊಡ್ಡ ಕೆಲಸ. ಇದರಿಂದ ಸಂಕೇತಗಳು ಬಹಳ ದೂರ ಹೋದವು. 1909ರಲ್ಲಿ ಮಾರ್ಕೋನಿ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ರೇಡಿಯೋ ಬಂದ ಮೇಲೆ ಹಳೆಯ ಹರಳಿಗೂ ಕಾಲ ಬಂತು. ಅಲೆಗಳನ್ನು ಪತ್ತೆ ಹಚ್ಚಲು ಒಂದೇ ದಿಕ್ಕಿಗೆ ಕರೆಂಟು ಬಿಡುವ ವಸ್ತು ಬೇಕಾಗಿತ್ತು. ನಮ್ಮ ದೇಶದ ಜಗದೀಶ್ ಚಂದ್ರ ಬೋಸ್ ಅವರು ಗೆಲೀನಾ ಹರಳಿನ ಶೋಧಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಬ್ರೌನ್ ಕೂಡ ತಮ್ಮ ಹಳೆಯ ಹರಳನ್ನು ರೇಡಿಯೋಕ್ಕೆ ಬಳಸಿದರು. ಆದರೆ ಲೋಹ ಮತ್ತು ಅರೆವಾಹಕ ತಾಗುವಲ್ಲಿ ಹೀಗೇಕೆ ಆಗುತ್ತದೆ ಎಂದು ವಾಲ್ಟರ್ ಶಾಟ್ಕಿ ವಿವರಿಸಿದ್ದು 1938ರಲ್ಲಿ, ಅಂದರೆ 64 ವರ್ಷಗಳ ನಂತರ. ಅದನ್ನು ಓದಲು ಬ್ರೌನ್ ಇರಲಿಲ್ಲ.

ಈ ಶಾಟ್ಕಿ ಹೆಸರು ಗಾಳಿಯಂತ್ರ ಮಾಡುವವರಿಗೆ ಬಹಳ ಮುಖ್ಯ. ಸಾಮಾನ್ಯ ಸಿಲಿಕಾನ್ ಡಯೋಡ್ ಸುಮಾರು 0.7 ವೋಲ್ಟ್ ನುಂಗುತ್ತದೆ. ಶಾಟ್ಕಿ ಡಯೋಡ್ ಅದಕ್ಕಿಂತ ಕಡಿಮೆ ನುಂಗುತ್ತದೆ. ಅದರಲ್ಲೂ ಇರುವುದು ಲೋಹ ಮತ್ತು ಅರೆವಾಹಕದ ಸಂಪರ್ಕವೇ, ಅಂದರೆ ಬ್ರೌನ್ ಮಾಸ್ತರರ ಹರಳು ಮತ್ತು ತಂತಿಯ ತುದಿಯೇ. ನಮ್ಮ ಮೋಟಾರು ಡಿಸಿ, ಆದ್ದರಿಂದ ಒಂದು ಡಯೋಡ್ ಸಾಕಾಯಿತು. ಮುಂದಿನ ವರ್ಷ ಆಯಸ್ಕಾಂತ ಹಚ್ಚಿ ತ್ರೀ ಫೇಸ್ ಯಂತ್ರ ಮಾಡುವ ಆಸೆ ಇದೆ. ಅದಕ್ಕೆ ಆರು ಡಯೋಡಿನ ಬ್ರಿಜ್ ಬೇಕು. ಕರೆಂಟು ಒಂದು ಸಲಕ್ಕೆ ಎರಡು ಡಯೋಡ್ ದಾಟುವುದರಿಂದ ಸಿಲಿಕಾನ್ ಹಾಕಿದರೆ 1.4 ವೋಲ್ಟ್ ಹೋಗುತ್ತದೆ. 10 ಆಂಪಿಯರ್ ಹರಿದರೆ 14 ವಾಟ್ ಬರೀ ಬಿಸಿಯಾಗಿ ಹೋದಂತೆ. ಆದ್ದರಿಂದ ಬ್ರಿಜ್ಜನ್ನು ಅಲ್ಯೂಮಿನಿಯಂ ತಟ್ಟೆಗೆ ಬಿಗಿಯಬೇಕು. ಯಂತ್ರ ಕೊಡುವ ಅತಿ ಹೆಚ್ಚು ಕರೆಂಟಿಗಿಂತ ದುಪ್ಪಟ್ಟು ತಾಳುವುದನ್ನೇ ಕೊಳ್ಳಿ ಎಂದು ಸರ್ ಹೇಳಿದ್ದಾರೆ. ಜೋರು ಗಾಳಿಯಲ್ಲಿ ಬ್ಯಾಟರಿಯ ತಂತಿ ಕಳಚಿದರೆ ವೋಲ್ಟೇಜು ಏರುತ್ತದೆ, ಆದ್ದರಿಂದ ಹಿಮ್ಮುಖ ವೋಲ್ಟೇಜಿನ ಮಿತಿಯೂ ದೊಡ್ಡದಿರಬೇಕು. ಬ್ಯಾಟರಿ ಉಲ್ಟಾ ಜೋಡಿಸಿದರೆ ಬ್ರಿಜ್ ಸುಟ್ಟೇ ಹೋಗುತ್ತದೆ. ಪ್ಲಸ್ ತಂತಿಗೆ ಫ್ಯೂಜ್ ಮರೆಯಬೇಡಿ.

ಬ್ರೌನ್ ಅವರ ಕೊನೆಯ ದಿನಗಳು ಊರಿನಿಂದ ದೂರದಲ್ಲಿ ಕಳೆದವು. ಮೊದಲ ಮಹಾಯುದ್ಧ ನಡೆದಿರುವಾಗಲೇ, ರೇಡಿಯೋ ಪೇಟೆಂಟಿನ ಒಂದು ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಅವರು ನ್ಯೂಯಾರ್ಕಿಗೆ ಹಡಗು ಹತ್ತಿದರು. 1917ರಲ್ಲಿ ಅಮೆರಿಕವೂ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿಯಿತು. ಮರಳುವ ದಾರಿ ಮುಚ್ಚಿತು, ಆರೋಗ್ಯವೂ ಕೆಟ್ಟಿತ್ತು. ಪ್ರಯೋಗಾಲಯ ಅಲ್ಲಿ, ಅವರು ಇಲ್ಲಿ. 1918ರ ಏಪ್ರಿಲ್ 20ರಂದು ಬ್ರೂಕ್ಲಿನ್‌ನಲ್ಲಿ ತೀರಿಕೊಂಡರು. ಏಳು ತಿಂಗಳೂ ಕಳೆಯುವ ಮೊದಲೇ ಯುದ್ಧ ನಿಂತಿತು.