ದೇವರ ಮನೆಯ ಶಿಲ್ಪಿ ಅಂತೋನಿ ಗೌದಿ

ಸಿರಿವಂತರ ಮನೆಗಳನ್ನು ಸಿಂಗರಿಸುವ ಕಲೆಗೂ ದೇವರ ಮನೆಯನ್ನು ಕಟ್ಟುವ ಕಲೆಗೂ ಬಹು ಅಂತರವಿದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಬಾಗಿಲ ಹಿಡಿಕೆ, ಕುರ್ಚಿ, ಕಿಟಕಿಯ ಸರಳು, ಗೋಡೆಯ ಬಿಲ್ಲೆ ಮುಂತಾದ ಸಣ್ಣಪುಟ್ಟ ವಸ್ತುಗಳಲ್ಲಿ ತಮ್ಮ ಕಣ್ಣನ್ನು ಪಳಗಿಸಿಕೊಂಡು, ಆ ಪಳಗಿದ ಕಣ್ಣನ್ನೇ ಕೊನೆಗೆ ಒಂದು ಮಹಾದೇವಾಲಯಕ್ಕೆ ಅರ್ಪಿಸಿದ ಶಿಲ್ಪಿಯೊಬ್ಬರು ಆಗಿಹೋಗಿದ್ದಾರೆ. ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿರುವ ಪವಿತ್ರ ಕುಟುಂಬದ ದೇವಾಲಯದ ಚಿತ್ರವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದರ ನಿರ್ಮಾತೃಗಳಾದ ಅಂತೋನಿ ಗೌದಿಯವರ ಜೀವನಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿರುವ ಕತಲೋನಿಯಾ ಪ್ರಾಂತದ ರೆಯುಸ್ ಪಟ್ಟಣದ ಸೀಮೆಯಲ್ಲಿ 1852ನೆಯ ಇಸವಿ ಜೂನ್ 25ರಂದು ಗೌದಿಯವರು ಜನಿಸಿದರು. ತಂದೆ ಫ್ರಾನ್ಸೆಸ್ಕ್ ಅವರದು ತಲೆತಲಾಂತರದಿಂದ ಬಂದ ತಾಮ್ರದ ಕೆಲಸ. ಚಪ್ಪಟೆಯಾದ ತಗಡು ಸುತ್ತಿಗೆಯ ಪೆಟ್ಟಿಗೆ ಬಾಗುತ್ತ ಬಾಗುತ್ತ ಹೊಟ್ಟೆ ತುಂಬಿದ ಹಂಡೆಯಾಗುವುದನ್ನು ಮಗು ದಿನವೂ ನೋಡುತ್ತ ಬೆಳೆಯಿತು. ಮುಂದೆ ಅವರು ಕಟ್ಟಿದ ಕಟ್ಟಡಗಳಲ್ಲಿ ನೇರ ಗೆರೆ ಅಪರೂಪವಾಗಿ, ಎಲ್ಲವೂ ಬಾಗಿ ಬಳುಕಿ ನಿಂತಿರುವುದರ ಮೂಲವನ್ನು ಈ ಕಮ್ಮಟದಲ್ಲಿಯೇ ಹುಡುಕಬೇಕು. ಬಾಲ್ಯದಿಂದಲೇ ಕೀಲುನೋವು ಅವರನ್ನು ಬಾಧಿಸುತ್ತಿದ್ದಿತು. ಇತರ ಮಕ್ಕಳು ಓಡಿಯಾಡುತ್ತಿದ್ದಾಗ ಈ ಬಾಲಕನು ಕತ್ತೆಯ ಬೆನ್ನೇರಿ ಹೊಲದ ದಾರಿಯಲ್ಲಿ ಸಾಗುತ್ತ, ಗಿಡ, ಬಸವನಹುಳು, ಬಂಡೆಗಳನ್ನು ದಿಟ್ಟಿಸುತ್ತಿದ್ದನು.

ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪವನ್ನು ವ್ಯಾಸಂಗ ಮಾಡಿ 1878ರಲ್ಲಿ ಪದವಿ ಪಡೆಯುವಷ್ಟರಲ್ಲಿಯೇ ತಾಯಿಯೂ ವೈದ್ಯನಾಗಿದ್ದ ಅಣ್ಣನೂ ಒಂದೇ ವರ್ಷ, 1876ರಲ್ಲಿ, ಮರಣಹೊಂದಿದ್ದರು. 1879ರಲ್ಲಿ ಸಹೋದರಿಯೂ ತೀರಿಕೊಂಡು, ಆಕೆಯ ಪುಟ್ಟ ಮಗಳು ರೋಸಾಳನ್ನು ಸಾಕುವ ಹೊಣೆ ಮನೆಯವರ ಮೇಲೆ ಬಿದ್ದಿತು. ಗೌದಿಯವರು ಒಮ್ಮೆ ವಿವಾಹಪ್ರಸ್ತಾಪ ಮಾಡಿದ್ದುಂಟು; ಅದು ನಿರಾಕರಿಸಲ್ಪಟ್ಟ ಮೇಲೆ ಜೀವಮಾನವಿಡೀ ಅವಿವಾಹಿತರಾಗಿಯೇ ಉಳಿದರು. ಆದರೂ ಆ ದಿನಗಳಲ್ಲಿ ಅವರು ವೈರಾಗ್ಯಶಾಲಿಗಳೇನೂ ಆಗಿರಲಿಲ್ಲ. ನೀಟಾಗಿ ಕತ್ತರಿಸಿದ ಗಡ್ಡ, ಬೆಲೆಬಾಳುವ ಉಡುಪು, ಕೈಗವಸು ಇವುಗಳಿಂದ ಶೋಭಿಸುತ್ತ, ಕುದುರೆಗಾಡಿಯಲ್ಲಿ ಕುಳಿತೇ ಕೆಲಸಗಾರರಿಗೆ ಸೂಚನೆ ನೀಡುವ ಷೋಕಿ ಅವರಲ್ಲಿದ್ದಿತು.

ಅವರಿಗೆ ಭಾಗ್ಯವನ್ನು ತಂದುದು ಒಂದು ಗಾಜಿನ ಬೀರು. 1878ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಕೈಗವಸುಗಳ ವ್ಯಾಪಾರಿಯೊಬ್ಬರಿಗಾಗಿ ಗೌದಿಯವರು ರಚಿಸಿಕೊಟ್ಟಿದ್ದ ಆ ಬೀರುವನ್ನು ಎವುಸೇಬಿ ಗ್ವೆಲ್ ಎಂಬ ಬಟ್ಟೆ ಗಿರಣಿಗಳ ಒಡೆಯರು ಕಂಡು ಬೆರಗಾಗಿ, ರಚಿಸಿದವರನ್ನು ಹುಡುಕಿಕೊಂಡು ಬಂದರು. ಅಂದು ಬೆಳೆದ ಸ್ನೇಹ ಗ್ವೆಲ್ ಅವರ ಮರಣದವರೆಗೂ, ಸುಮಾರು 40 ವರ್ಷಗಳ ಕಾಲ, ಬಾಡಲಿಲ್ಲ. ಅವರಿಗಾಗಿ ಕಟ್ಟಿದ ಅರಮನೆಯಂಥ ಮನೆಯ ನಡುವಣ ಹಜಾರದಲ್ಲಿ ಎತ್ತರವಾದ ಬಾಗಿಲುಗಳನ್ನು ತೆರೆದರೆ ಒಳಗೊಂದು ಬಲಿಪೀಠ ಕಾಣಿಸುತ್ತಿತ್ತು. ಮೇಲಿನ ಗುಮ್ಮಟದ ಸಣ್ಣ ರಂಧ್ರಗಳಿಂದ ಬೆಳಕು ನಕ್ಷತ್ರಗಳಂತೆ ಇಳಿಯುತ್ತಿತ್ತು.

ಗೌದಿಯವರು ಸಿಂಗರಿಸಿದ ಮನೆಗಳಲ್ಲಿ ಕೆಲವನ್ನಾದರೂ ಇಲ್ಲಿ ಹೇಳದೆ ಮುಂದುವರಿಯಲಾಗದು. 1883ರಿಂದ 1885ರ ಅವಧಿಯಲ್ಲಿ ವಿಸೆನ್ಸ್ ಎಂಬವರಿಗಾಗಿ ಕಟ್ಟಿದ ಮನೆ ಅವರ ಮೊದಲ ದೊಡ್ಡ ಕೃತಿ. ನಿವೇಶನವನ್ನು ನೋಡಲು ಹೋದಾಗ ಅಲ್ಲಿ ಹಳದಿ ಹೂಗಳು ಅರಳಿದ್ದವು, ಒಂದು ತಾಳೆಯ ಜಾತಿಯ ಮರವೂ ಇದ್ದಿತು. ಹೂಗಳನ್ನು ಗೋಡೆಯ ಪಿಂಗಾಣಿ ಬಿಲ್ಲೆಗಳ ಮೇಲೆ ಬರೆಸಿದರು; ಗರಿಯನ್ನು ಕಬ್ಬಿಣದಲ್ಲಿ ಎರಕ ಹೊಯ್ಯಿಸಿ ಬೇಲಿಯಾಗಿ ನಿಲ್ಲಿಸಿದರು. ಅಳಿಸಿದ ತೋಟ ಮನೆಯ ಮೈಮೇಲೆ ಮತ್ತೆ ಚಿಗುರಿತೆನ್ನಬಹುದು. ಆ ಹೂ ಬೇರಾವುದೂ ಅಲ್ಲ, ನಾವು ಹಬ್ಬದಂದು ಮಾಲೆ ಕಟ್ಟುವ ಚೆಂಡುಹೂವಿನ ಕುಲದ್ದೇ.

ಕಾಲ್ವೆತ್ ಕುಟುಂಬದ ಮನೆಗೆ 1900ರಲ್ಲಿ ನಗರಸಭೆಯ ಬಹುಮಾನವೂ ದೊರೆಯಿತು. ನನಗಾದರೋ ಆ ಕಟ್ಟಡದಲ್ಲಿ ಬಹುಮಾನಕ್ಕೆ ಅರ್ಹವಾದುದು ಬಾಗಿಲು ತಟ್ಟುವ ಕಬ್ಬಿಣದ ಬಡಿಗೆ. ಬಂದ ಅತಿಥಿ ಹಿಡಿದೆತ್ತುವುದು ಶಿಲುಬೆಯನ್ನು. ಅದು ಹೋಗಿ ಬಡಿಯುವುದು ಒಂದು ತಿಗಣೆಯ ಬೆನ್ನಿಗೆ. ಶಿಲುಬೆಯಿಂದ ಪಾಪವು ಜಜ್ಜಲ್ಪಡುವುದೆಂಬ ಧರ್ಮೋಪದೇಶವನ್ನು ಇಷ್ಟು ಚಿಕ್ಕ ವಸ್ತುವಿನಲ್ಲಿ, ಅದೂ ಇಷ್ಟು ವಿನೋದದಿಂದ, ಅಡಗಿಸಿಟ್ಟವರು ವಿರಳ. ಬಾತ್ಯೋ ಕುಟುಂಬದ ಮನೆಯಲ್ಲಿ ಬಾಗಿಲ ಹಿಡಿಕೆಗಳು ಮಣ್ಣನ್ನು ಅಂಗೈಯಲ್ಲಿ ಅದುಮಿದ ಆಕಾರದಲ್ಲಿರುವುದರಿಂದ ಹಿಡಿದವರ ಬೆರಳುಗಳು ತಾವಾಗಿಯೇ ಅಲ್ಲಿ ಕುಳಿತುಕೊಳ್ಳುತ್ತವೆ. ಮನೆಯ ನಡುವಿನ ಗಾಳಿಬೆಳಕಿನ ಅಂಗಳದ ಗೋಡೆಗಳಿಗೆ ಮೇಲ್ಗಡೆ ಗಾಢ ನೀಲಿ, ಕೆಳಗಿಳಿದಂತೆ ತಿಳಿ ನೀಲಿ ಬಿಲ್ಲೆಗಳು; ಕಿಟಕಿಗಳು ಮೇಲೆ ಚಿಕ್ಕವು, ಕೆಳಗೆ ದೊಡ್ಡವು. ಹೀಗಾಗಿ ತಳದ ಅಂತಸ್ತಿನವನಿಗೂ ಮೇಲಿನವನಷ್ಟೇ ಬೆಳಕು ಸಿಗುವಂತಾಯಿತು. ಮಾಡಿನ ಮೇಲಣ ಗೋಪುರದಲ್ಲಿ ಯೇಸು, ಮರಿಯ, ಜೋಸೆಫರ ನಾಮಾಕ್ಷರಗಳೂ ನಾಲ್ಕು ತೋಳಿನ ಶಿಲುಬೆಯೂ ಇವೆ.

1900ರಿಂದ 1914ರವರೆಗೆ ಗ್ವೆಲ್ ಅವರ ಗುಡ್ಡದಲ್ಲಿ ಮನೆಗಳ ಬಡಾವಣೆಯೊಂದನ್ನು ನಿರ್ಮಿಸುವ ಯತ್ನ ನಡೆಯಿತು. ವ್ಯಾಪಾರದ ದೃಷ್ಟಿಯಿಂದ ಅದು ಪೂರ್ತಿ ಸೋತಿತು. ಉಳಿದದ್ದು ಇಂದು ಜಗತ್ತೇ ನೋಡಲು ಬರುವ ಉದ್ಯಾನವನ. ಅಲ್ಲಿ ಹಾವಿನಂತೆ ಸುತ್ತಿ ಸಾಗುವ ಉದ್ದನೆಯ ಜಗಲಿಯನ್ನು ಜೋಸೆಪ್ ಮರಿಯ ಜುಜೋಲ್ ಎಂಬ ತರುಣ ಸಹಾಯಕರೊಡನೆ ಸೇರಿ ಒಡೆದ ಬಿಲ್ಲೆ, ತಟ್ಟೆ, ಸೀಸೆಗಳ ಚೂರುಗಳಿಂದ ಅಲಂಕರಿಸಿದರು. ಹಿತ್ತಲ ತಿಪ್ಪೆಗೆ ಎಸೆಯುವಂಥ ಚೂರುಗಳವು.

ಬಡಕೆಲಸಗಾರರ ದೇವಾಲಯಕ್ಕೂ ಇದೇ ರೀತಿ. ಬಾರ್ಸಿಲೋನಾದ ಹೊರಗೆ ಗ್ವೆಲ್ ಅವರ ಗಿರಣಿ ಕಾರ್ಮಿಕರ ಊರಿನಲ್ಲಿ ಅವರು ಯೋಜಿಸಿದ ಇಗರ್ಜಿಯ ಕಿಟಕಿ ಸರಳುಗಳು ಹಳೆಯ ಮಗ್ಗಗಳ ಸೂಜಿಗಳು. ತೀರ್ಥದ ಬಟ್ಟಲುಗಳು ದೊಡ್ಡ ಕಡಲಚಿಪ್ಪುಗಳು. ಅದರ ಕಮಾನುಗಳ ಲೆಕ್ಕವನ್ನು ಕಾಗದದ ಮೇಲೆ ಮಾಡದೆ, ಸೂರಿನಿಂದ ದಾರಗಳನ್ನು ಇಳಿಬಿಟ್ಟು, ಅವುಗಳಿಗೆ ಸೀಸದ ಗುಂಡುಗಳ ಪುಟ್ಟ ಚೀಲಗಳನ್ನು ತೂಗಿಸಿದರು. ಭಾರಕ್ಕೆ ದಾರ ಹೇಗೆ ಬಾಗುವುದೋ ಅದರ ಛಾಯಾಚಿತ್ರ ತೆಗೆದು ತಲೆಕೆಳಗು ಮಾಡಿದರೆ ಅದೇ ಬೀಳದೆ ನಿಲ್ಲುವ ಕಮಾನು. ಈ ಪರೀಕ್ಷೆಗೇ ಹತ್ತು ವರ್ಷ ಸಂದಿತು. ಇಗರ್ಜಿಯ ಕೆಳಭಾಗವಷ್ಟೇ ಪೂರ್ಣವಾಗಿ 1915ರಲ್ಲಿ ಆಶೀರ್ವದಿಸಲ್ಪಟ್ಟಿತು. ಕಲಿತ ವಿದ್ಯೆಯಾದರೋ ಮಹಾದೇವಾಲಯಕ್ಕೆ ಉಪಯೋಗವಾಯಿತು.

ಆ ಮಹಾದೇವಾಲಯದ ಕಥೆ ಒಬ್ಬ ಪುಸ್ತಕ ವ್ಯಾಪಾರಿಯಿಂದ ಆರಂಭವಾಗುತ್ತದೆ. ಜೋಸೆಪ್ ಮರಿಯ ಬೊಕಾಬೆಯ್ಯಾ ಎಂಬ ಈ ಭಕ್ತರು ಸಂತ ಜೋಸೆಫರ ಭಕ್ತಸಂಘವನ್ನು ಸ್ಥಾಪಿಸಿ, ಲೋಕದ ಪಾಪಗಳಿಗೆ ಪ್ರಾಯಶ್ಚಿತ್ತವಾಗಿ ಭಕ್ತರ ಕಾಣಿಕೆಯಿಂದಲೇ ದೇವಾಲಯವೊಂದನ್ನು ಕಟ್ಟಿಸಲು ಸಂಕಲ್ಪಿಸಿದರು. 1882ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಅಡಿಗಲ್ಲು ಬಿದ್ದಿತು. ಮೊದಲ ಶಿಲ್ಪಿ ಭಿನ್ನಾಭಿಪ್ರಾಯದಿಂದ ಬಿಟ್ಟುಹೋದುದರಿಂದ 1883ರಲ್ಲಿ ಆ ಹೊಣೆ 31 ವರ್ಷದ ಗೌದಿಯವರ ಹೆಗಲಿಗೆ ಬಂದಿತು. ಆಗ ಅವರಿಗದು ಅನೇಕ ಕೆಲಸಗಳಲ್ಲಿ ಒಂದು; ಕ್ರಮೇಣ ಅದು ಅವರನ್ನೇ ತನ್ನ ಕೆಲಸವಾಗಿ ಮಾಡಿಕೊಂಡಿತು. 1894ರ ತಪಸ್ಸುಕಾಲದಲ್ಲಿ ಪ್ರಾಣಕ್ಕೇ ಅಪಾಯ ಬರುವಷ್ಟು ಕಠಿಣವಾಗಿ ಉಪವಾಸ ಮಾಡಿದಾಗ, ಮುಂದೆ ವಿಕ್ ಧರ್ಮಪ್ರಾಂತದ ಧರ್ಮಾಧ್ಯಕ್ಷರಾದ ತೊರ್ರಾಸ್ ಇ ಬಾಜೆಸ್ ಗುರುಗಳು ಬಂದು ಸಮಾಧಾನದ ಮಾತುಗಳಿಂದ ಅದನ್ನು ಬಿಡಿಸಬೇಕಾಯಿತು.

ಕ್ರಿಸ್ತಜನನವನ್ನು ನಿರೂಪಿಸುವ ಪೂರ್ವದ ಮುಖಭಾಗದ ವಿಗ್ರಹಗಳಿಗೆ ಅವರು ಮಾದರಿಗಳನ್ನು ಹುಡುಕಿದ್ದು ಕೇರಿಯ ಜನರಲ್ಲಿ. ನೆರೆಹೊರೆಯವರ, ಕೋಳಿ ಮುಂತಾದ ಸಾಕುಪ್ರಾಣಿಗಳ ಗಾರೆಯ ಅಚ್ಚುಗಳನ್ನು ತೆಗೆದರು. ಪವಿತ್ರ ಕುಟುಂಬವು ಐಗುಪ್ತಕ್ಕೆ ಪಲಾಯನಗೈಯುವ ದೃಶ್ಯದ ಕತ್ತೆಯೂ ನಿಜವಾದ ಕತ್ತೆಯಿಂದ ಬಂದುದೇ. ಹೆರೋದನ ಆಜ್ಞೆಯಂತೆ ಶಿಶುಗಳನ್ನು ಕೊಲ್ಲುವ ಸೈನಿಕನ ಕಾಲಿಗೆ ಆರು ಬೆರಳು. ಮಾದರಿಯಾಗಿ ನಿಂತ ಸೇವಕನಿಗೆ ಹಾಗಿದ್ದುದರಿಂದ ಶಿಲ್ಪದಲ್ಲಿಯೂ ಹಾಗೆಯೇ ಬಿಟ್ಟರಂತೆ. ಒಳಗಿನ ಕಂಬಗಳನ್ನು ಮರಗಳಂತೆ ಓರೆಯಾಗಿ, ಮೇಲೆ ಕವಲೊಡೆಯುವಂತೆ ಯೋಜಿಸಿದರು. ಭಾರ ಕೊಂಬೆಯಿಂದ ಬೊಡ್ಡೆಗಿಳಿಯುವುದರಿಂದ ಹೊರಗೋಡೆಗೆ ಊರುಗೋಲಿನ ಆವಶ್ಯಕತೆ ಉಳಿಯಲಿಲ್ಲ. 1909ರಲ್ಲಿ ಕೆಲಸಗಾರರ ಮತ್ತು ಕೇರಿಯ ಮಕ್ಕಳಿಗಾಗಿ ಅದೇ ಆವರಣದಲ್ಲಿ ಅಲೆಯಂತೆ ಬಳುಕುವ ತೆಳು ಇಟ್ಟಿಗೆಯ ಮಾಡಿನ ಶಾಲೆಯನ್ನೂ ಕಟ್ಟಿದರು.

ಅದೇ 1909ರ ಜುಲೈ ತಿಂಗಳಿನಲ್ಲಿ ಬಾರ್ಸಿಲೋನಾದಲ್ಲಿ ದಂಗೆಯೆದ್ದು ಇಗರ್ಜಿಗಳೂ ಕನ್ಯಾಮಠಗಳೂ ಸುಡಲ್ಪಟ್ಟವು. ಆಗ ಗೌದಿಯವರು ಕಟ್ಟುತ್ತಿದ್ದ ಮಿಲಾ ಕುಟುಂಬದ ಬೃಹತ್ ಮನೆಯ ನೆತ್ತಿಯ ಮೇಲೆ ಜಪಮಾಲೆ ಮಾತೆಯ ವಿಗ್ರಹವನ್ನಿಡುವ ಯೋಜನೆಯಿದ್ದಿತು. ದಂಗೆಗೆ ಹೆದರಿದ ಮಾಲೀಕರು ಬೇಡವೆಂದರು. ಗೌದಿಯವರು ಬಹಳವಾಗಿ ನೊಂದರು. ಸಂಭಾವನೆಯ ವಿಷಯವೂ ನ್ಯಾಯಾಲಯಕ್ಕೆ ಹೋಯಿತು. ಗೆದ್ದು ಬಂದ ಹಣವನ್ನು ಅವರು ತಾವಿಟ್ಟುಕೊಳ್ಳದೆ ಧರ್ಮಕಾರ್ಯಕ್ಕೆ ಒಪ್ಪಿಸಿಬಿಟ್ಟರು. ಅದರ ನಂತರ ಅವರು ಯಾರ ಮನೆಯನ್ನೂ ಕಟ್ಟಲಿಲ್ಲ.

1906ರಲ್ಲಿ ತಂದೆ, 1912ರಲ್ಲಿ ಸೋದರ ಸೊಸೆ ರೋಸಾ, 1918ರಲ್ಲಿ ಆಪ್ತಮಿತ್ರ ಗ್ವೆಲ್ ಅಗಲಿದರು. ದೇವಾಲಯದ ಕಾಣಿಕೆಯೂ ಬತ್ತಿದಾಗ, ಒಂದು ಕಾಲದಲ್ಲಿ ಗಾಡಿಯಿಂದ ಇಳಿಯದಿದ್ದ ವ್ಯಕ್ತಿ ಮನೆಮನೆಯ ಬಾಗಿಲಿಗೆ ಹೋಗಿ ದೇವಾಲಯಕ್ಕಾಗಿ ಕೈಯೊಡ್ಡಿದರು. ಮಿತವಾದ ಊಟ, ಸವೆದ ಕೋಟು, ನಿತ್ಯದ ಬಲಿಪೂಜೆ. 1925ರಲ್ಲಿ ಮನೆಯನ್ನೂ ತೊರೆದು ದೇವಾಲಯದ ಕಾರ್ಯಾಗಾರದಲ್ಲಿಯೇ ವಾಸಿಸತೊಡಗಿದರು. ಆ ನವೆಂಬರ್ 30ರಂದು ಸಂತ ಬಾರ್ನಬರ ಗೋಪುರ ಪೂರ್ಣಗೊಂಡಿತು. ಯೋಜಿಸಿದ 18 ಗೋಪುರಗಳಲ್ಲಿ ಅವರು ಮುಗಿದುದನ್ನು ಕಂಡದ್ದು ಅದೊಂದನ್ನೇ.

1926ರ ಜೂನ್ 7ರ ಸಂಜೆ, ಎಂದಿನಂತೆ ಸಂತ ಫಿಲಿಪ್ ನೇರಿಯವರ ದೇವಾಲಯಕ್ಕೆ ಪ್ರಾರ್ಥನೆಗೂ ಪಾಪನಿವೇದನೆಗೂ ನಡೆದುಹೋಗುತ್ತಿದ್ದಾಗ ಟ್ರಾಮ್ ಗಾಡಿಯೊಂದು ಅವರಿಗೆ ಬಡಿಯಿತು. ಹರಕು ಬಟ್ಟೆಯ ಮುದುಕನನ್ನು ಭಿಕ್ಷುಕನೆಂದೆಣಿಸಿ ಟ್ಯಾಕ್ಸಿಗಳು ಕರೆದೊಯ್ಯಲು ಒಪ್ಪಲಿಲ್ಲ. ಕೊನೆಗೆ ಬಡವರ ಆಸ್ಪತ್ರೆಯಾದ ಪವಿತ್ರ ಶಿಲುಬೆಯ ಆಸ್ಪತ್ರೆಗೆ ಸೇರಿಸಲಾಯಿತು. ಮರುದಿನ ದೇವಾಲಯದ ಗುರುಗಳು ಹುಡುಕಿಕೊಂಡು ಬಂದ ಮೇಲಷ್ಟೇ ಗುರುತು ಹತ್ತಿತು. ಜೂನ್ 10ರಂದು ಅವರು ದೈವಾಧೀನರಾದರು. ಶವಯಾತ್ರೆಗೆ ನಗರಕ್ಕೆ ನಗರವೇ ನೆರೆಯಿತು.

1936ರ ಅಂತರ್ಯುದ್ಧದ ಆರಂಭದಲ್ಲಿ ಉದ್ರಿಕ್ತ ಗುಂಪು ದೇವಾಲಯದ ನೆಲಮಾಳಿಗೆಗೂ ಕಾರ್ಯಾಗಾರಕ್ಕೂ ಬೆಂಕಿಯಿಟ್ಟಿತು. ನಕ್ಷೆಗಳು ಬೂದಿಯಾದವು, ಗಾರೆಯ ಮಾದರಿಗಳು ನುಚ್ಚುನೂರಾದವು. ಶಿಷ್ಯರು ಆ ಚೂರುಗಳನ್ನು ಆಯ್ದು, ಒಂದಕ್ಕೊಂದು ಕೂಡಿಸಿ, ಗುರುವಿನ ಮನಸ್ಸನ್ನು ಓದಿಕೊಂಡು ಕೆಲಸವನ್ನು ಮುಂದುವರಿಸಿದರು. 2010ರ ನವೆಂಬರ್ 7ರಂದು ಜಗದ್ಗುರು 16ನೆಯ ಬೆನೆಡಿಕ್ಟರು ದೇವಾಲಯವನ್ನು ಪವಿತ್ರೀಕರಿಸಿದರು. 2025ರ ಏಪ್ರಿಲ್ 14ರಂದು ಜಗದ್ಗುರು ಫ್ರಾನ್ಸಿಸರು ಗೌದಿಯವರ ವೀರೋಚಿತ ಸದ್ಗುಣಗಳನ್ನು ಅಂಗೀಕರಿಸಿ ಅವರನ್ನು ಪೂಜ್ಯರೆಂದು ಸಾರಿದರು. ಯೇಸುಕ್ರಿಸ್ತರ ಮಧ್ಯಗೋಪುರಕ್ಕೆ ಗೊತ್ತುಪಡಿಸಿದ ಎತ್ತರ 172.5 ಮೀಟರು. ಪಕ್ಕದ ಮೊಂಜುಯಿಕ್ ಗುಡ್ಡಕ್ಕಿಂತ ಇದು ತುಸು ಕಡಿಮೆ. ದೇವರು ಮಾಡಿದ ಗುಡ್ಡವನ್ನು ಮನುಷ್ಯನ ಕಟ್ಟಡ ಮೀರಬಾರದೆಂದು ಗೌದಿಯವರು ಹಾಗೆ ನಿಶ್ಚಯಿಸಿದ್ದರು. ನೆಲಮಾಳಿಗೆಯಲ್ಲಿ, ಕಾರ್ಮೆಲ್ ಮಾತೆಯ ಪೀಠದ ಬಳಿ ಅವರ ಸಮಾಧಿಯಿದೆ. ಆ ಕೇರಿಯ ಧರ್ಮಕೇಂದ್ರದ ಜನರು ಬಲಿಪೂಜೆಗೆ ಸೇರುವುದೂ ಅದೇ ನೆಲಮಾಳಿಗೆಯಲ್ಲಿ.